ಫಿಲಿಪ್ಪಿ 4:6 ಓದಿದ ಮೇಲೆ ಏನು ಮಾಡೋದು? ಚಿಂತೆಯ ಹೊತ್ತಿನ ಪ್ರಾರ್ಥನೆಯನ್ನು ದಿನಾ ನಡೆಸೋ ಬಗೆ

ಕೇಶ್ವಾಪುರ_ಮನೆಕೂಟ

ಎಲ್ಲರಿಗೂ ವಂದನೆಗಳು. ನಮ್ಮ ಗುರುವಾರದ ಮನೆಕೂಟದಲ್ಲಿ ಮುಂದಿನ ಕೆಲವು ವಾರ ಒಂದೇ ವಿಷಯ ಹಿಡಿಯಬೇಕು ಅಂತ ಮಾತಾಗಿದೆ: ಚಿಂತೆ ಮತ್ತು ದೇವರ ಮೇಲಿನ ಭರವಸೆ. ಕೂಟಕ್ಕೆ ಬರುವ ಚಿಂತೆಗಳು ನಮ್ಮ ಭಾಗದವರಿಗೆಲ್ಲ ಗೊತ್ತಿದ್ದವೇ. ಸಂಘದ ಸಾಲದ ಕಂತು, ಪಿಯುಸಿ ಮುಗಿಸಿದ ಮಕ್ಕಳ ಸೀಟು, ಬೆಂಗಳೂರಿನಲ್ಲಿ ಕೆಲಸ ಕಳಕೊಂಡ ಮಗ, ಡಯಾಲಿಸಿಸ್ ಮೇಲಿರುವ ಹಿರಿಯರು, ಕೈಕೊಟ್ಟ ಮಳೆ. ಚಿಂತೆ ಮಾಡಬೇಡಿ ಅನ್ನುವ ಮಾತಿರುವ ಮತ್ತಾಯ 6 ಓದುತ್ತೇವೆ, ಫಿಲಿಪ್ಪಿ 4 ಓದುತ್ತೇವೆ, ಹಾಡುತ್ತೇವೆ, ಪ್ರಾರ್ಥನೆ ಆಗುತ್ತದೆ, ಚಹಾ ಕುಡಿದು ಮನೆಗೆ ಹೋಗುತ್ತಾರೆ. ರಾತ್ರಿ ಎರಡು ಗಂಟೆಗೆ ಅದೇ ಚಿಂತೆ ಎಬ್ಬಿಸಿ ಕೂಡಿಸುತ್ತದೆ.

"ಭರವಸೆ ಇಡ್ರಿ" ಅನ್ನುವ ಮಾತು ಎಲ್ಲರ ಹತ್ತಿರವೂ ಇದೆ. ಇಡೋದು ಹೇಗೆ ಅಂತ ಬಿಡಿಸಿ ಹೇಳುವವರು ಕಡಿಮೆ. ಯಾವ ಹೊತ್ತಿಗೆ, ಎಷ್ಟು ನಿಮಿಷ, ಯಾವುದಾದ ಮೇಲೆ ಯಾವುದು, ಎಲ್ಲಿ ತಪ್ಪುತ್ತದೆ, ಯಾಕೆ ತಪ್ಪುತ್ತದೆ ಅಂತ ತಿಳಿದವರು ಬರೆಯಿರಿ. ಸಾಕ್ಷಿ ಹೇಳೋದಕ್ಕೆ ಬೇರೆ ಜಾಗ ಇದೆ, ಇಲ್ಲಿ ಬೇಡ.

ಸಾಧನಕೇರಿ_ಓದುಗ

ಮೊದಲು 6ನೇ ವಚನ ಒಂದನ್ನೇ ಕಿತ್ತು ಓದುವ ರೂಢಿ ಬಿಡಬೇಕು. 4ರಿಂದ 9ರವರೆಗೆ ಒಟ್ಟಿಗೆ ಓದಿ. "ಚಿಂತೆ ಮಾಡಬೇಡಿರಿ" ಅನ್ನುವುದಕ್ಕಿಂತ ಮುಂಚೆ, 5ನೇ ವಚನದ ಕೊನೆಗೆ, ಕರ್ತನು ಹತ್ತಿರವಾಗಿದ್ದಾನೆ ಅಂತ ಈ ಪತ್ರ ಬರೆದ ಅಪೊಸ್ತಲ ಪೌಲ ಹೇಳಿಯಾಗಿದೆ. ಅದನ್ನು ಬಿಟ್ಟು ಬರೀ 6ನ್ನು ಹೇಳಿದರೆ ಕಷ್ಟದಲ್ಲಿದ್ದವನ ಕಿವಿಗೆ ಅದು ಬೈಗುಳವಾಗಿ ಬೀಳುತ್ತದೆ.

6ರಲ್ಲಿ ಪ್ರಾರ್ಥನೆ, ವಿಜ್ಞಾಪನೆ, ಕೃತಜ್ಞತಾಸ್ತುತಿ, ಬೇಕಾದದ್ದನ್ನು ತಿಳಿಸುವುದು ಎಲ್ಲವೂ ಇವೆ. 7ರಲ್ಲಿ ಕೊಟ್ಟ ಮಾತು, ಕೇಳಿದ್ದು ಕೇಳಿದ ಹಾಗೆ ಸಿಗುತ್ತದೆ ಅಂತ ಅಲ್ಲ. ದೇವರ ಶಾಂತಿ ಹೃದಯವನ್ನೂ ಯೋಚನೆಗಳನ್ನೂ ಕಾಯುತ್ತದೆ ಅಂತ. ಬರೆದವನು ಸೆರೆಮನೆಯಲ್ಲಿದ್ದ, ಬಿಡುಗಡೆಯೋ ಮರಣವೋ ಅವನಿಗೇ ಗೊತ್ತಿರಲಿಲ್ಲ (1:20ರಿಂದ 23 ನೋಡಿ). 8ನೇ ವಚನ ಖಾಲಿಯಾದ ಮನಸ್ಸಿಗೆ ಏನು ಕೊಡಬೇಕು ಅನ್ನುತ್ತದೆ. 9 ಇದನ್ನು ಮಾಡುತ್ತಾ ಇರಿ ಅನ್ನುತ್ತದೆ. 11ರಲ್ಲಿ ಪೌಲ, ಇದ್ದದ್ದರಲ್ಲಿ ತೃಪ್ತನಾಗಿರುವುದನ್ನು ಕಲಿತುಕೊಂಡಿದ್ದೇನೆ ಅನ್ನುತ್ತಾನೆ. ಅವನಿಗೂ ಅದು ಕಲಿಕೆಯೇ ಆಗಿತ್ತು. ಹಾಗಾಗಿ ಮೊದಲ ವಾರವೇ ಮನಸ್ಸು ತಿಳಿಯಾಗಬೇಕು ಅಂತ ಕೂಟದವರಿಗೆ ಆಸೆ ಹಚ್ಚಬೇಡಿ.

ಇನ್ನು ಮಾಡುವ ಬಗೆ. ನೂರು ಪುಟದ ಸಾದಾ ನೋಟ್‌ಬುಕ್, ಒಂದು ಪೆನ್ನು, 15 ನಿಮಿಷ. ಮೊದಲ ಎರಡು ನಿಮಿಷ ಏನೂ ಕೇಳದೆ "ಕರ್ತನೇ, ನೀನು ಹತ್ತಿರ ಇದ್ದೀ" ಅಂತ ಸುಮ್ಮನೆ ಕೂಡಿ. ಆಮೇಲೆ ಆ ದಿನದ ಚಿಂತೆಗಳನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ, ಐದಕ್ಕಿಂತ ಹೆಚ್ಚು ಬೇಡ. ಪ್ರತಿ ಸಾಲಿನ ಕೆಳಗೆ ಅದನ್ನೇ ಬೇಡಿಕೆಯಾಗಿ ತಿರುಗಿಸಿ ಬರೆಯಿರಿ. ಈ ತಿರುಗಿಸುವ ಜಾಗದಲ್ಲೇ ಹೆಚ್ಚಿನವರು ಎಡವುತ್ತಾರೆ. "ಮಗನ ಭವಿಷ್ಯ ಒಳ್ಳೇದು ಮಾಡು" ಅನ್ನುವುದು ಬೇಡಿಕೆಯ ವೇಷ ಹಾಕಿದ ಅದೇ ಚಿಂತೆ, ಹೇಳಿ ಮುಗಿದ ಮೇಲೂ ಮನಸ್ಸು ಅದನ್ನು ಬಿಡುವುದಿಲ್ಲ. "ಮಂಗಳವಾರದ ಇಂಟರ್ವ್ಯೂನಲ್ಲಿ ಗೊತ್ತಿದ್ದದ್ದನ್ನು ಗಾಬರಿಯಿಲ್ಲದೆ ಹೇಳುವ ಹಾಗೆ ಮಾಡು" ಅನ್ನುವುದಕ್ಕೆ ದಿನ ಇದೆ, ಅಳತೆ ಇದೆ. ಬುಧವಾರ ಪುಟ ತಿರುವಿ ನೋಡಬಹುದು. ಆಮೇಲೆ ಈಗಾಗಲೇ ಆಗಿಹೋದ ಮೂರು ಉಪಕಾರ, ಅವೂ ಇಷ್ಟೇ ಖಚಿತವಾಗಿ. ಕೊನೆಗೆ ತಾರೀಕು. ಬೆಳಗಿನ ಹೊತ್ತು ಇದಕ್ಕೆ ಒಳ್ಳೆಯದು.

ಬೆಟಗೇರಿ_ಸಿಸ್ಟರ್

ಓದುಗ ಅಣ್ಣಾರ, ಕ್ರಮ ಚಲೋ ಐತ್ರಿ, ಆದರ ಹೊತ್ತಿನ ವಿಷಯದಾಗ ನನ್ನ ಮಾತು ಬ್ಯಾರೆ. ರಾತ್ರಿ ನಿದ್ದಿ ಬಾರದವರಿಗೆ ಈ ಬರಿಯೋ ಕೆಲಸ ಸಂಜಿ ಆರೂವರಿ, ಏಳರೊಳಗ ಆಗಬೇಕು. ಮುಂಜಾನೆ ಬರದ್ರ ಹಗಲೆಲ್ಲ ಕೂಡಿಕೊಂಡ ಚಿಂತಿ ಹಾಸಿಗಿಗೇ ಬರ್ತಾವ. ಹಾಸಿಗಿ ಮ್ಯಾಲೆ ಮಾತ್ರ ಬರೀಬ್ಯಾಡ್ರಿ. ದಿನಾ ಅಲ್ಲೇ ಲೆಕ್ಕ ಹಾಕಿದ್ರ, ಹಾಸಿಗಿ ಅಂದ್ರ ಲೆಕ್ಕ ಹಾಕೋ ಜಾಗ ಅಂತ ತಲಿ ಕಲತುಬಿಡ್ತದ.

ಸಂಜಿ ನಾಲ್ಕರ ಮ್ಯಾಲೆ ಚಹಾ, ಕಾಫಿ ಬಿಡ್ರಿ. ಕೆಫೀನ್ ಅರ್ಧ ಇಳಿಲಿಕ್ಕೇ ಸುಮಾರು ಐದು ತಾಸು ಬೇಕು. ಎಂಟಕ್ಕ ಕೂಟದ ಚಹಾ ಕುಡದ್ರ ರಾತ್ರಿ ಒಂದಕ್ಕೂ ಅರ್ಧ ಕೆಫೀನ್ ಮೈಯಾಗ ಇರ್ತದ. ಕೂಟದಾಗ ಚಹಾದ ಬದಲಿ ಮಜ್ಜಿಗಿ ಕೊಟ್ರೂ ನಡೀತದಲ್ರಿ.

ರಾತ್ರಿ ಎಚ್ಚರಾದ್ರ ಹಿಂಗ ಮಾಡ್ರಿ. ಚಿಂತಿ ಜೋಡಿ ವಾದಕ್ಕ ಇಳೀಬ್ಯಾಡ್ರಿ. "ಇದು ಸಂಜೀ ಪುಟದಾಗ ಐತಿ, ಕರ್ತಾ, ನಿನ್ನ ಕೈಯಾಗ ಐತಿ" ಅಂತ ಒಂದs ಸಲ ಹೇಳ್ರಿ. ಆಮ್ಯಾಲೆ ಉಸಿರು: ಮೂಗಿನಿಂದ ನಾಲ್ಕು ಎಣಿಸೋತನಕ ಒಳಗ, ಆರು ಎಣಿಸೋತನಕ ನಿಧಾನ ಹೊರಗ, ನಿಮಿಷಕ್ಕ ಆರು ಉಸಿರಿನಂಗ. ಹೊರಗ ಬಿಡೋ ಉಸಿರು ಉದ್ದಾದ್ರ ಮಿದುಳಿನಿಂದ ಎದಿಗೆ ಹೋಗೋ ವೇಗಸ್ ನರದ ಮೂಲಕ ಎದಿ ಬಡಿತ ಇಳೀತದ. ಒಳಗ ತಗೊಳ್ಳುವಾಗ "ಕರ್ತನಾದ ಯೇಸುವೇ", ಬಿಡುವಾಗ "ನನ್ನನ್ನು ಕರುಣಿಸು". ಪೂರ್ವದೇಶದ ಸನ್ಯಾಸಿಗಳು ಶತಮಾನಗಳಿಂದ ಮಾಡಿಕೊಂಡು ಬಂದ ಪ್ರಾರ್ಥನಿ ಇದು. ಬೇರು ಲೂಕ 18ರಾಗ ಐತಿ, ಸುಂಕದವನ ಮೊರೆ ಮತ್ತ ಯೆರಿಕೋವಿನ ಕುರುಡನ ಮೊರೆ.

ಇದರಾಗ ತಪ್ಪೋದು ಒಂದು: ಭಾಳ ಆಳಕ್ಕ ಎಳಿತಾರ. ಮೈಯಾಗಿನ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗ ಹೋಗಿ ತಲಿ ಸುತ್ತತದ, ಬೆರಳು ಜುಮ್ ಅಂತಾವ, "ಏನೋ ಆಗಾಕತ್ತದ" ಅಂತ ಅಂಜಿಕಿ ಹೆಚ್ಚಾಗ್ತದ. ಉಸಿರು ನಿಧಾನ ಇರಬೇಕು, ದೊಡ್ಡದು ಬ್ಯಾಡ. ಇಪ್ಪತ್ತು ನಿಮಿಷ ಆದ್ರೂ ನಿದ್ದಿ ಹತ್ತಲಿಲ್ಲಂದ್ರ ಎದ್ದು ಮಂದ ಬೆಳಕಿನಾಗ ಕುಂತು 131ನೇ ಕೀರ್ತನೆ ಓದ್ರಿ. ಮೂರೇ ವಚನ, ತನಗ ಮೀರಿದ್ದರಾಗ ಕೈ ಹಾಕೂದಿಲ್ಲ ಅಂತ ಹೇಳೋ ಕೀರ್ತನೆ. ಮೊಬೈಲಿನಾಗ ಬ್ಯಾಡ, ಪುಸ್ತಕದಾಗ ಓದ್ರಿ. ಒಂದು ವಚನ ಓದೂದ್ರಾಗ ಎರಡು ವಾಟ್ಸ್ಆ್ಯಪ್ ಬಂದಿರ್ತಾವ.

ಸಭಾಪಾಲಕ_ಉಣಕಲ್

ಇಬ್ಬರೂ ಹೇಳಿದ್ದು ಉಪಯೋಗದ್ದು. ಆದರೆ ಇಬ್ಬರೂ ಬೇಡಿಕೆಯಿಂದ ನೇರವಾಗಿ ಸ್ತೋತ್ರಕ್ಕೆ ಹೋಗಿದ್ದೀರಿ. ನಡುವೆ ಮೊರೆ ಇದೆ. ನಮ್ಮ ಸಭೆಗಳಲ್ಲಿ ಮರೆತೇ ಹೋಗಿರುವ ಭಾಗ ಅದು, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

13ನೇ ಕೀರ್ತನೆ ತೆಗೆಯಿರಿ, ಆರೇ ವಚನ. ಮೊದಲ ಎರಡರಲ್ಲಿ "ಇನ್ನೆಷ್ಟರವರೆಗೆ" ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ, ನನ್ನನ್ನು ಮರೆತೇಬಿಟ್ಟಿಯೋ ಅಂತ ದೇವರನ್ನೇ ಕೇಳುತ್ತಾನೆ ದಾವೀದ. 3, 4ರಲ್ಲಿ ಬೇಡಿಕೆ, ಅದರ ಜೊತೆ ಕಾರಣ. 5, 6ರಲ್ಲಿ ಮಾತ್ರ ಭರವಸೆ ಮತ್ತು ಹಾಡು. ನಾವು ಮಾಡುವುದು ಏನೆಂದರೆ, ಮನೆಯಲ್ಲಿ ಸಾವಾದ ಮೂರನೇ ದಿನಕ್ಕೇ ಹೋಗಿ 5ನೇ ವಚನವನ್ನು ಅವರ ಬಾಯಲ್ಲಿ ಹೇಳಿಸಲು ನೋಡುತ್ತೇವೆ. ಅವರಿನ್ನೂ ಮೊದಲನೇ ವಚನದಲ್ಲಿ ಇದ್ದಾರೆ. ಸ್ತೋತ್ರ ಬಾಯಿಂದ ಬರುತ್ತದೆ, ಮೊರೆ ಒಳಗೆ ಉಳಿದು ಹುಳಿಯುತ್ತದೆ, ಕಡೆಗೆ ಅವರು ಕೂಟಕ್ಕೆ ಬರುವುದನ್ನೇ ಬಿಡುತ್ತಾರೆ.

ಕೂಟದಲ್ಲಿ ಪ್ರತಿಯೊಬ್ಬರಿಗೂ ಒಂದು ಹಾಳೆ ಕೊಡಿ. ಮೇಲೆ ದೇವರನ್ನು ಹೇಗೆ ಕರೆಯುತ್ತಾರೋ ಆ ಹೆಸರು. ಕೆಳಗೆ ಮೂರು ಸಾಲು ದೂರು, ಚೆಂದ ಮಾಡದೆ, ಇದ್ದದ್ದು ಇದ್ದ ಹಾಗೆ. ಆಮೇಲೆ ಒಂದೇ ಬೇಡಿಕೆ. ಕೊನೆಗೆ ಹಿಂದೆ ದೇವರು ಮಾಡಿದ ಒಂದು ದಯೆಯ ನೆನಪು. ಕೊನೆಯದು ಬರೆಯಲು ಆಗದಿದ್ದರೆ ಜಾಗ ಖಾಲಿ ಬಿಡಲಿ, ಯಾರೂ ತುಂಬಿಸಿಕೊಡಬಾರದು. 88ನೇ ಕೀರ್ತನೆಯ 18 ವಚನಗಳು ಕತ್ತಲೆ ಅನ್ನುವಲ್ಲೇ ಮುಗಿಯುತ್ತವೆ. ಅದೂ ದೇವರ ವಾಕ್ಯವೇ. ಆ ಕೀರ್ತನೆಕಾರನ ನಂಬಿಕೆ ಇರುವುದು ಅವನು ಇನ್ನೂ ದೇವರ ಕಡೆಗೇ ಮುಖ ಮಾಡಿ ಕೂಗುತ್ತಿರುವುದರಲ್ಲಿ.

ಹಿಡಿದುಕೊಡುವ ಮುಂಚಿನ ರಾತ್ರಿ ಯೇಸು ಪ್ರಾರ್ಥಿಸಿದ ಗೆತ್ಸೇಮನೆ ತೋಟದ ಭಾಗವನ್ನೂ ಇದರ ಜೊತೆ ಓದಿ (ಮತ್ತಾಯ 26:36ರಿಂದ 46). ಪ್ರಾಣ ಹೋಗುವಷ್ಟು ದುಃಖವಾಗಿದೆ ಅಂತ ಯೇಸು ಬಾಯಿಬಿಟ್ಟು ಹೇಳಿದ. ಮೂವರನ್ನು ಹತ್ತಿರ ಕರೆದು ಎಚ್ಚರವಾಗಿರಿ ಅಂದ. ಅದೇ ಮಾತನ್ನು ಮೂರು ಸಲ ಪ್ರಾರ್ಥಿಸಿದ. ಒಂದು ಸಲ ಪ್ರಾರ್ಥಿಸಿ ಬಿಟ್ಟುಬಿಡಬೇಕು, ಮತ್ತೆ ಕೇಳಿದರೆ ಅಪನಂಬಿಕೆ ಅನ್ನುವವರಿಗೆ 44ನೇ ವಚನ ತೋರಿಸಿ.

ನವನಗರ_ಯುವಕೂಟ

ಅಯ್ಯನವರಿಗೆ ವಂದನೆಗಳು. ಎದುರು ಮಾತಾಡ್ತೀನಿ ಅಂದ್ಕೋಬೇಡಿ. ನಮ್ಮ ಹುಡುಗರಲ್ಲಿ ಹಲವರು ಕೇಳೋ ಬೋಧನೆ ಬೇರೆ: ಬಾಯಿಂದ ಸೋಲಿನ ಮಾತು ಬರಬಾರದು, ವಿಶ್ವಾಸದಿಂದ ಅರಿಕೆ ಮಾಡಿದ್ದು ಆಗುತ್ತೆ, ಚಿಂತೆಯನ್ನ ಬರೆದಿಟ್ಟರೆ ಅದಕ್ಕೇ ಬಲ ಕೊಟ್ಟ ಹಾಗೆ ಅಂತ. ನಿದ್ರೆಗೆ, ಗಾಬರಿಗೆ ಮಾತ್ರೆ ತಗೊಳ್ಳೋದನ್ನೂ ಅಪನಂಬಿಕೆ ಅಂತಾರೆ. ಇದಕ್ಕೆ ಏನು ಹೇಳಬೇಕು?

ಸಭಾಪಾಲಕ_ಉಣಕಲ್

ತಮ್ಮಾ, ಕೇಳಿದ್ದು ಒಳ್ಳೆಯದಾಯಿತು. 2 ಕೊರಿಂಥ 1:8ರಲ್ಲಿ ಪೌಲ, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಅಂತ ಸಭೆಗೆ ಪತ್ರ ಬರೆದು ತಿಳಿಸುತ್ತಾನೆ. ಮುಚ್ಚಿಡಲಿಲ್ಲ. ಅದೇ ಪತ್ರದ 12ನೇ ಅಧ್ಯಾಯದಲ್ಲಿ ಶರೀರದ ಮುಳ್ಳು ತೆಗೆಯಲಿ ಅಂತ ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ ಬಂತು. ಅವನ ವಿಶ್ವಾಸ ಕಡಿಮೆ ಇತ್ತು ಅಂತ ಹೇಳುವ ಧೈರ್ಯ ಯಾರಿಗಿದೆ?

ಔಷಧದ ವಿಷಯಕ್ಕೆ 2 ಅರಸುಗಳು 20 ಓದಿಸಿ. ಸಾಯುವಷ್ಟು ಕಾಯಿಲೆ ಬಿದ್ದ ಅರಸ ಹಿಜ್ಕೀಯ ಅತ್ತು ಪ್ರಾರ್ಥಿಸಿದ, ದೇವರು 15 ವರ್ಷ ಕೂಡಿಸಿ ಕೊಡುತ್ತೇನೆ ಅಂದ. ಅಷ್ಟಾದ ಮೇಲೆ 7ನೇ ವಚನದಲ್ಲಿ ಪ್ರವಾದಿ ಯೆಶಾಯ ಅಂಜೂರದ ಹಣ್ಣಿನ ಉಂಡೆ ತರಿಸಿ ಹುಣ್ಣಿನ ಮೇಲೆ ಕಟ್ಟಿಸಿದ. ವಾಗ್ದಾನವೂ ಬಂತು, ಪಟ್ಟಿಯೂ ಕಟ್ಟಿತು. 1527ರಲ್ಲಿ ವಿಟನ್‌ಬರ್ಗಿಗೆ ಪ್ಲೇಗು ಬಂದಾಗ ಮಾರ್ಟಿನ್ ಲೂಥರ್ ಬರೆದ ಪತ್ರದಲ್ಲೂ ಇದೇ ನಿಲುವು: ದೇವರು ಕಾಯಲಿ ಅಂತ ಬೇಡುತ್ತೇನೆ, ಧೂಪ ಹಾಕಿ ಗಾಳಿ ಶುದ್ಧ ಮಾಡುತ್ತೇನೆ, ಔಷಧ ಕೊಡುತ್ತೇನೆ, ತಗೊಳ್ಳುತ್ತೇನೆ, ಅಗತ್ಯವಿಲ್ಲದ ಕಡೆ ಹೋಗುವುದಿಲ್ಲ, ನೆರೆಯವನಿಗೆ ನನ್ನ ಅಗತ್ಯ ಬಿದ್ದರೆ ಮಾತ್ರ ಹೋಗದೆ ಇರುವುದಿಲ್ಲ.

ಬೆಟಗೇರಿ_ಸಿಸ್ಟರ್

ಇದಕ್ಕ ಒಂದು ಮಾತು ಸೇರಸ್ತೀನ್ರಿ, ದಯವಿಟ್ಟು ಯಾರೂ ಹಗುರ ತಗೋಬ್ಯಾಡ್ರಿ. ಉಪವಾಸ ಪ್ರಾರ್ಥನಿ ಆದ ಮ್ಯಾಲೆ "ದೇವರು ವಾಸಿ ಮಾಡ್ಯಾನ" ಅಂತ ಮಾತ್ರಿ ಒಮ್ಮೆಲೇ ಬಿಡಸೂದು ಅಪಾಯ. ಮೂರ್ಛೆರೋಗದ ಮಾತ್ರಿ ಒಮ್ಮೆಲೇ ನಿಲ್ಲಿಸಿದ್ರ ಫಿಟ್ಸ್ ತಿರುಗಿ ಬರ್ತಾವ, ಜೀವಕ್ಕೇ ಕುತ್ತು. ಖಿನ್ನತೆಯ ಮಾತ್ರಿ ಹಂಗ ಬಿಟ್ರ ತಲಿಸುತ್ತು, ನಿದ್ದಿಗೇಡು, ಹೆಚ್ಚಿನ ಗಾಬರಿ. ಇಳಿಸಬೇಕಂದ್ರ ಬರಕೊಟ್ಟ ಡಾಕ್ಟರೇ ಹಂತಹಂತವಾಗಿ ಇಳಿಸಬೇಕು. ಸಕ್ಕರಿ ಕಾಯಿಲಿಗೆ ಇನ್ಸುಲಿನ್ ಅಥವಾ ಮಾತ್ರಿ ತಗೊಳ್ಳುವವರು ಡಾಕ್ಟರನ್ನ ಕೇಳದ ಉಪವಾಸ ಮಾಡಬಾರದು. ಬೆವರು, ನಡುಕ, ಕಣ್ಣು ಮಂಜಾದ್ರ ತಕ್ಷಣ ಸಕ್ಕರಿ ನೀರು ಕೊಡ್ರಿ. ಉಪವಾಸದ ಬದಲಿ ಅವರು ಟಿವಿ, ಮೊಬೈಲ್ ಬಿಟ್ಟು ಪ್ರಾರ್ಥನಿ ಮಾಡಲಿ.

ಎರಡು ವಾರಕ್ಕಿಂತ ಹೆಚ್ಚು, ಹೆಚ್ಚುಕಡಿಮಿ ದಿನಾ, ನಿದ್ದಿ ಊಟ ಕೆಟ್ಟು ಯಾವುದರಾಗೂ ಮನಸ್ಸಿಲ್ಲಂದ್ರ ಅದು ಬರೇ ಚಿಂತಿ ಅಲ್ಲ, ತೋರಿಸಬೇಕು. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರಿ ಇದಕ್ಕಂತನs ಐತಿ, ಈಗ ಕೆಎಂಸಿಆರ್‌ಐ ಅನ್ನೋ ಹುಬ್ಬಳ್ಳಿ ಕಿಮ್ಸ್‌ನಾಗೂ ಮನೋರೋಗ ವಿಭಾಗ ಐತಿ. ಸರಕಾರದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416, ಹಗಲು ರಾತ್ರಿ, ಪುಕ್ಕಟೆ, ಕನ್ನಡದಾಗ ಮಾತಾಡಬಹುದು. "ಬದುಕಿದ್ದೇನು ಉಪಯೋಗ" ಅನ್ನೋ ಮಾತು ಯಾರ ಬಾಯಾಗ ಬಂದ್ರೂ ಒಬ್ಬರನ್ನs ಬಿಡಬ್ಯಾಡ್ರಿ. ನೇರವಾಗಿ ಕೇಳ್ರಿ, ಕೇಳಿದ್ರಿಂದ ಆ ವಿಚಾರ ಹೊಸದಾಗಿ ತಲಿಗೆ ಬರೂದಿಲ್ಲ. ಜೋಡಿ ಕುಂತು ಫೋನ್ ಹಚ್ಚಿ ಕೊಡ್ರಿ.

ಬ್ಯಾಡಗಿ_ಒಕ್ಕಲುತನ

ಮತ್ತಾಯ 6:26 ಹೇಳಿ ವಿಮಾ ಬ್ಯಾಡ, ಉಳಿತಾಯ ಬ್ಯಾಡ ಅನ್ನೋರು ನಮ್ಮ ಕಡೆನೂ ಅದಾರ. ಹಕ್ಕಿ ಬಿತ್ತೂದಿಲ್ಲ, ಆದ್ರೂ ತಂದಿ ಸಾಕ್ತಾನ, ನೀವು ಅವಕ್ಕಿಂತ ಹೆಚ್ಚಿನವರು ಅಂತ ಯೇಸುಸ್ವಾಮಿ ಹೇಳ್ಯಾನ. ನೀವೂ ಬಿತ್ತಬ್ಯಾಡ್ರಿ ಅಂತ ಎಲ್ಲೂ ಹೇಳಿಲ್ಲ. ಯೋಸೇಫ ಏಳು ಸುಗ್ಗಿ ವರ್ಷ ಬೆಳಿಯೊಳಗ ಐದರಾಗ ಒಂದು ಪಾಲು ಕಣಜಕ್ಕ ಹಾಕಿಸಿದ (ಆದಿಕಾಂಡ 41:34). ನೆಹೆಮೀಯ 4:9 ಓದ್ರಿ, ದೇವರಿಗೆ ಪ್ರಾರ್ಥನಿ ಮಾಡಿದ್ರು, ಹಗಲು ರಾತ್ರಿ ಕಾವಲೂ ಇಟ್ರು. ನಮ್ಮ ಬಾಸೆಲ್ ಮಿಷನ್ ಹಿರಿಯರೂ ಬರೇ ಪ್ರಾರ್ಥನಿ ಕಲಿಸಿ ಬಿಡಲಿಲ್ಲ. ಸಭೆಗೆ ಸೇರಿ ಮನಿ, ಕಸಬು ಕಳಕೊಂಡವರಿಗೆ ದುಡಿಮಿ ಬೇಕಂತ ಮಗ್ಗ ಹಾಕಿಸಿದ್ರು, 1865ರಾಗ ಮಂಗಳೂರಿನಾಗ ಹಂಚಿನ ಕಾರ್ಖಾನಿ ತಗದ್ರು.

ನೋಟ್‌ಬುಕ್ಕಿನ ಪುಟಕ್ಕ ಎರಡು ಗೆರಿ ಎಳದು ಮೂರು ಪಾಲು ಮಾಡ್ರಿ. ನನ್ನ ಕೈಯಾಗಿಂದು, ಇನ್ನೊಬ್ಬರ ಕೈಯಾಗಿಂದು, ದೇವರ ಕೈಯಾಗಿಂದು. ಮಳಿ ಯಾವಾಗ, ಬ್ಯಾಡಗಿ ಮಾರ್ಕೆಟ್ಟಿನಾಗ ಮೆಣಸಿನಕಾಯಿ ರೇಟು ಎಷ್ಟು, ಇದು ಮೂರನೇ ಪಾಲು. ಬೀಜೋಪಚಾರ, ಬೆಳಿವಿಮಾ, ಪಹಣಿ ಸರಿ ಐತೇನು, ಇದು ಮೊದಲನೇದು. ಸರಕಾರದ ಬೆಳಿವಿಮಾ ಯೋಜನೆ ಫಸಲ್ ಬಿಮಾದಾಗ ವಿಮಾ ಕಂತಿನ ರೈತನ ಪಾಲು ಮುಂಗಾರಿ ಧಾನ್ಯ, ಎಣ್ಣಿಕಾಳಿಗೆ 2%, ಹಿಂಗಾರಿಗೆ 1.5%, ವಾಣಿಜ್ಯ ಮತ್ತ ತೋಟಗಾರಿಕಿ ಬೆಳಿಗೆ 5%. ಆಣೆಕಲ್ಲು ಬಿದ್ದು ಇಲ್ಲಾ ಹೊಲದಾಗ ನೀರು ನಿಂತು ಹಾನಿ ಆದ್ರ 72 ತಾಸಿನೊಳಗ ತಿಳಿಸಬೇಕು. ಸರ್ವೆ ನಂಬರ್, ಫೋಟೋ ತಯಾರ್ ಇಟಗೋರಿ. ಈ 72 ತಾಸು ಬರೇ ಅಳಕೋತ ಕುಂತು, ಆಮ್ಯಾಲೆ ದೇವರು ಕೈಬಿಟ್ಟ ಅನ್ನೂದು ಸರಿ ಅಲ್ಲ.

ನಡುವಿನ ಪಾಲs ಭಾಳ ತ್ರಾಸಿಂದು. ಮಗ ಯಾರನ್ನ ಮದುವಿ ಆಗ್ತಾನ, ಅಣ್ಣ ತಮ್ಮ ಪಾಲು ಹೆಂಗ ಹಂಚ್ತಾರ. ಅಲ್ಲಿ ನಮ್ಮ ಕೆಲಸ ಒಂದು ನೆಟ್ಟನ್ನ ಮಾತು ಆಡೂದು, ಹೆಸರು ಹಿಡದು ದಿನಾ ಪ್ರಾರ್ಥನಿ ಮಾಡೂದು, ಮನಿ ಬಾಗಲಾ ತೆರದಿಡೂದು. ಲೂಕ 15ರ ತಂದಿ ಸಣ್ಣ ಮಗನ ಬೆನ್ನು ಹತ್ತಿ ದೂರದೇಶಕ್ಕ ಹೋಗಲಿಲ್ಲ, ಆದರ ಅಂವ ಇನ್ನೂ ದೂರ ಇರುವಾಗs ಕಂಡು ಓಡಿದ. ಹೊರಗ ಸಿಟ್ಟಿಲೆ ನಿಂತಿದ್ದ ಹಿರೇ ಮಗನ ಹತ್ರ ತಾನs ಎದ್ದು ಹೋದ.

ಗದಗ_ಲೆಕ್ಕಪತ್ರ

ಸಾಲದ ಚಿಂತೆಗೆ ಬೇರೆ ಹಾಳೆಯೇ ಬೇಕು. 2 ಅರಸುಗಳು 4:1ರಿಂದ 7 ಓದಿ. ಸಾಲ ಕೊಟ್ಟವನು ಇಬ್ಬರು ಗಂಡುಮಕ್ಕಳನ್ನು ಗುಲಾಮರಾಗಿ ಒಯ್ಯಲು ಬಂದಿದ್ದಾನೆ ಅಂತ ವಿಧವೆ ಕೂಗಿಕೊಂಡಳು. ಪ್ರವಾದಿ ಎಲೀಷ ಮೊದಲು ಕೇಳಿದ್ದು ನಿನ್ನ ಮನೆಯಲ್ಲಿ ಏನಿದೆ ಅಂತ. ಆಮೇಲೆ ನೆರೆಹೊರೆಯವರಿಂದ ಖಾಲಿ ಪಾತ್ರೆ ತರಿಸಿದ. ಎಣ್ಣೆ ತುಂಬಿದ ಮೇಲೆ ಹೇಳಿದ ಕ್ರಮ: ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ಬದುಕು. ಅದ್ಭುತದ ಹಿಂದೆ ಮುಂದೆ ಲೆಕ್ಕ ಇದೆ.

ಹಾಳೆಯಲ್ಲಿ ಐದು ಕಾಲಂ: ಸಾಲ ಕೊಟ್ಟವರು, ಉಳಿದ ಅಸಲು, ಬಡ್ಡಿ, ಕಂತು, ಕಂತಿನ ದಿನ. ಕೈಸಾಲ, ಒಡವೆ ಸಾಲ, ಅಂಗಡಿ ಉದ್ದರಿ, ಎಲ್ಲ ಬರಲಿ. ಕೆಳಗೆ ಮನೆಯ ತಿಂಗಳ ಒಟ್ಟು ಆದಾಯ. 2022ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಕಿರುಸಾಲ ಕೊಡುವ ಸಂಸ್ಥೆಗಳು ಮನೆಯ ಎಲ್ಲ ಸಾಲಗಳ ಕಂತು ಸೇರಿ ಆದಾಯದ ಅರ್ಧವನ್ನು ಮೀರದ ಹಾಗೆ ನೋಡಿಕೊಳ್ಳಬೇಕು. ಕಿರುಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡುವ ಹಾಗಿಲ್ಲ. ಬೈದು ಬೆದರಿಸುವ ಹಾಗಿಲ್ಲ. ಬೆದರಿಸಿದರೆ ದಿನ, ಹೊತ್ತು ಬರೆದಿಟ್ಟು ಮೊದಲು ಆ ಸಂಸ್ಥೆಯ ದೂರು ವಿಭಾಗಕ್ಕೆ ಲಿಖಿತವಾಗಿ ಕೊಡಿ, ಜೀವಬೆದರಿಕೆ ಇದ್ದರೆ ನೇರ 112. ಕಂತು ಕಟ್ಟಲು ಇನ್ನೊಂದು ಸಾಲ ಎತ್ತಬೇಡಿ, ಮುಳುಗಿಸುವುದು ಇದೇ. ಇನ್ನೊಬ್ಬರ ಸಾಲಕ್ಕೆ ಹೊಣೆ ನಿಲ್ಲುವುದರ ಬಗ್ಗೆ ಜ್ಞಾನೋಕ್ತಿ 6:1ರಿಂದ 5ರಲ್ಲಿ ಕಟುವಾದ ಎಚ್ಚರಿಕೆ ಇದೆ. ಗುಂಪು ಸಾಲಕ್ಕೆ ಸಹಿ ಹಾಕುವ ಮುಂಚೆ ಅದನ್ನು ಒಮ್ಮೆ ಜೋರಾಗಿ ಓದಿ.

ದೇವರು ನೋಡಿಕೊಳ್ಳುತ್ತಾನೆ ಅಂತ ಪಾಸ್‌ಬುಕ್ ತೆಗೆದೇ ನೋಡದಿರುವುದನ್ನು ಭರವಸೆ ಅಂತ ಕರೆಯಬಾರದು. ಲೆಕ್ಕ ಗೊತ್ತಿದ್ದವನು ಎಷ್ಟು ಬೇಕೋ ಅಷ್ಟನ್ನು ದೇವರ ಹತ್ತಿರ ಕೇಳಬಲ್ಲ.

ಕೇಶ್ವಾಪುರ_ಮನೆಕೂಟ

ಎಲ್ಲರಿಗೂ ತುಂಬಾ ಉಪಕಾರ. ಇನ್ನೆರಡು ಸಂಶಯ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಸಿಕ್ಕ, ಒಂದು ವಚನ ಬರೆದ ವಾಗ್ದಾನ ಕಾರ್ಡನ್ನು ಹಿಡಿದುಕೊಂಡು "ಈ ವರ್ಷ ಆಗೇ ಆಗುತ್ತೆ" ಅಂತ ಕೂತವರು ಇದ್ದಾರೆ, ಒಳ್ಳೇ ಭವಿಷ್ಯ, ನಿರೀಕ್ಷೆ ಕೊಡುತ್ತೇನೆ ಅನ್ನುವ ಯೆರೆಮೀಯ 29:11 ಅಂತೂ ಎಲ್ಲರ ಮನೆಯಲ್ಲೂ ಇದೆ. ಇನ್ನೊಂದು, ದುಃಖದಲ್ಲಿದ್ದವರಿಗೆ ಕೃತಜ್ಞತೆ ಬರೆಯಿರಿ ಅಂದರೆ ಸುಳ್ಳು ಬರೆದ ಹಾಗೆ ಅನಿಸುತ್ತೆ ಅಂತಾರೆ.

ಸಾಧನಕೇರಿ_ಓದುಗ

ಕಾರ್ಡು ತಪ್ಪಲ್ಲ. ಮೊರಾವಿಯನ್ ಸಭೆಯವರು 1731ರಿಂದ ಪ್ರತಿ ವರ್ಷ ದಿನಕ್ಕೊಂದು ವಚನದ ಪುಸ್ತಕ ಅಚ್ಚು ಹಾಕುತ್ತಾ ಬಂದಿದ್ದಾರೆ, ಹಳೆಯ ಒಡಂಬಡಿಕೆಯ ವಚನವನ್ನು ಚೀಟಿ ಎತ್ತಿಯೇ ಆರಿಸುತ್ತಾರೆ. ಆದರೆ ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವನ್ನು ಓದಿ, ಹುಡುಕಿ ಜೊತೆಗಿಡುತ್ತಾರೆ. ವಚನವನ್ನು ಅದರ ಅಧ್ಯಾಯದಿಂದ ಕಡಿದು ದೇವರಿಂದ ಬಂದ ಕರಾರುಪತ್ರ ಮಾಡಿಕೊಂಡಾಗಲೇ ತೊಂದರೆ.

ಯೆರೆಮೀಯ 29 ಬಾಬೆಲಿಗೆ ಸೆರೆ ಹೋದವರಿಗೆ ಬರೆದ ಪತ್ರ. 10ನೇ ವಚನದಲ್ಲಿ 70 ವರ್ಷ ಅಂತ ಇದೆ. ಕೇಳಿದವರಲ್ಲಿ ಎಷ್ಟೋ ಜನ ಅಲ್ಲೇ ಮಣ್ಣಾಗುವಷ್ಟು ದೀರ್ಘ ಕಾಲ. ಅಲ್ಲಿಯವರೆಗೆ ಏನು ಮಾಡಬೇಕು ಅನ್ನುವುದು 5ರಿಂದ 7ರಲ್ಲಿದೆ: ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಹಿಂದಿನ 28ನೇ ಅಧ್ಯಾಯದಲ್ಲಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂದವನು ಹನನ್ಯ. ಅವನು ಸುಳ್ಳು ಪ್ರವಾದಿ. ಯಾವ ಕಾರ್ಡು ಬಂದರೂ ಹಿಂದಿನ ಹತ್ತು, ಮುಂದಿನ ಹತ್ತು ವಚನ ಓದಿ, ಯಾರು ಯಾರಿಗೆ ಯಾವಾಗ ಹೇಳಿದ್ದು ಅಂತ ಕಾರ್ಡಿನ ಹಿಂದೆ ಬರೆದಿಡಿ. 11ನೇ ವಚನದ ಬಲ ಇದರಿಂದ ಕಡಿಮೆಯಾಗುವುದಿಲ್ಲ. 70 ವರ್ಷವೂ ನಿಲ್ಲುವ ಮಾತು ಅದು ಅಂತ ಗೊತ್ತಾಗುತ್ತದೆ.

ಕೃತಜ್ಞತೆಯ ಬಗ್ಗೆ: 1 ಥೆಸಲೊನೀಕ 5:18 ಎಲ್ಲ ಸ್ಥಿತಿಯಲ್ಲಿಯೂ ಸ್ತೋತ್ರ ಮಾಡಿ ಅನ್ನುತ್ತದೆ. ಮಗು ಸತ್ತದ್ದಕ್ಕೆ ಸ್ತೋತ್ರ ಹೇಳು ಅಂತ ಯಾರಿಗೂ ಹೇಳಬಾರದು. ಪ್ರಲಾಪಗಳು 3ರಲ್ಲಿ ದೇವರ ಕರುಣೆ ಬೆಳಬೆಳಗೂ ಹೊಸದು ಅನ್ನುವ ಮಾತು ಬರುವುದು 22, 23ರಲ್ಲಿ. ಅದಕ್ಕೂ ಮುಂಚೆ ಇಪ್ಪತ್ತು ವಚನ ಕಹಿಯೇ. ದುಃಖದಲ್ಲಿದ್ದವರು ಆ ದಿನ ಕೈಗೆ ಸಿಕ್ಕ ಸಣ್ಣದನ್ನೇ ಬರೆಯಲಿ. ಪಕ್ಕದ ಮನೆಯಿಂದ ರೊಟ್ಟಿ ಬಂತು, ಮಧ್ಯಾಹ್ನ ಒಂದು ತಾಸು ನಿದ್ದೆ ಬಂತು. ಸುಳ್ಳಾಗದಷ್ಟು ಸಣ್ಣದು ಸಾಕು.

ನವನಗರ_ಯುವಕೂಟ

ಪರೀಕ್ಷೆ ಹತ್ತಿರ ಇರೋ ಮಕ್ಕಳಿಗೆ 1 ಅರಸುಗಳು 19 ತಗೊಳ್ಳಬಹುದು ಅನಿಸ್ತಿದೆ. ಪ್ರವಾದಿ ಎಲೀಯ ಸಾಕು ಪ್ರಾಣ ತೆಗೆದುಬಿಡು ಅಂದಾಗ ದೇವರು ಪ್ರಸಂಗ ಮಾಡಲಿಲ್ಲ. ನಿದ್ದೆ, ರೊಟ್ಟಿ ನೀರು, ಮತ್ತೆ ನಿದ್ದೆ, ಮತ್ತೆ ಊಟ. ಆಮೇಲೆ 40 ದಿನದ ನಡಿಗೆ. ಅದಾದ ಮೇಲೆ ಇಲ್ಲೇನು ಮಾಡ್ತಿದ್ದೀ ಅನ್ನೋ ಪ್ರಶ್ನೆ. ಕೊನೆಗೆ ಮುಂದಿನ ಕೆಲಸ, ಜೊತೆಗೆ ಎಲೀಷ. ರಾತ್ರಿಯಿಡೀ ಪ್ರಾರ್ಥನೆಗೆ ಪಿಯುಸಿ ಮಕ್ಕಳನ್ನ ಕೂರಿಸೋದಕ್ಕಿಂತ ಹತ್ತಕ್ಕೆ ಮಲಗಿಸೋದು ವಾಸಿ.

ಸಭಾಪಾಲಕ_ಉಣಕಲ್

ಹೌದು ತಮ್ಮಾ, ಪೂರ್ತಿ ಒಪ್ಪುತ್ತೇನೆ.

ಕೂಟ ನಡೆಸುವವರಿಗೆ ಇಷ್ಟು: ಒಬ್ಬೊಬ್ಬರಿಗೆ ಮೂರು ನಿಮಿಷ, ನಡುವೆ ಬಾಯಿ ಹಾಕಬಾರದು, ಕೇಳದೆ ಬುದ್ಧಿ ಹೇಳಬಾರದು. ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕೂತಿದ್ದರು. ಬಾಯಿ ತೆರೆದು ಕಾರಣ ಹುಡುಕಲು ಹೊರಟ ಮೇಲೆಯೇ ಕೆಟ್ಟದ್ದು. ಪ್ರಾರ್ಥನೆ ಎರಡು ವಾಕ್ಯ ಸಾಕು, ಹೇಳಿದವರ ಬಾಯಿಯ ಮಾತುಗಳಲ್ಲೇ. ಕೂಟದಲ್ಲಿ ಕೇಳಿದ್ದು "ಪ್ರಾರ್ಥನಾ ವಿನಂತಿ" ಅಂತ ವಾಟ್ಸ್ಆ್ಯಪ್ ಗುಂಪಿಗೆ ಹೋಗಕೂಡದು. ಒಂದು ಸಲ ಹಾಗಾದರೆ ಮುಂದೆ ಯಾರೂ ನಿಜ ಹೇಳುವುದಿಲ್ಲ. ಹಣದ ಸಹಾಯ ಸಭೆಯ ಕಮಿಟಿಯ ಮೂಲಕ, ರಶೀದಿಯೊಂದಿಗೆ. ಗಲಾತ್ಯ 6:2 ಒಬ್ಬರ ಭಾರ ಒಬ್ಬರು ಹೊರಲಿ ಅನ್ನುತ್ತದೆ, 6:5 ಪ್ರತಿಯೊಬ್ಬನೂ ತನ್ನ ಹೊರೆ ಹೊರಬೇಕು ಅನ್ನುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಯಾವಾಗ ಯಾವುದು ಅಂತ ನೋಡಬೇಕು.

ಕೇಶ್ವಾಪುರ_ಮನೆಕೂಟ

ಮೊದಲ ಗುರುವಾರ 13ನೇ ಕೀರ್ತನೆಯ ಹಾಳೆ, ಎರಡನೆಯದು ಫಿಲಿಪ್ಪಿ ಮತ್ತು ನೋಟ್‌ಬುಕ್, ಮೂರನೆಯದು ಮೂರು ಪಾಲಿನ ಪುಟ ಅಂತ ಇಟ್ಟುಕೊಂಡಿದ್ದೇವೆ. ಓದಲು ಬರೆಯಲು ಬಾರದ ಹಿರಿಯರು ನಾಲ್ಕೈದು ಜನ ಇದ್ದಾರೆ. ಅವರಿಗೆ ಏನು ಮಾಡೋಣ?

ಬ್ಯಾಡಗಿ_ಒಕ್ಕಲುತನ

136ನೇ ಕೀರ್ತನೆ ಹಿಡೀರಿ, ಅಕ್ಕಾರ. 26 ವಚನ, ಪ್ರತಿ ವಚನದ ಕಡೀಕ ಆತನ ಕೃಪೆಯು ಶಾಶ್ವತವಾದದ್ದು ಅಂತ ಬರ್ತದ. ಒಬ್ಬರು ಮೊದಲನೇ ಅರ್ಧ ಓದಬೇಕು, ಉಳಿದವರು ಈ ಮಾತು ಹೇಳಬೇಕು. ಓದು ಬರಾಕs ಬೇಕಂತಿಲ್ಲ, ನಾಲ್ಕನೇ ವಚನಕ್ಕ ಎಲ್ಲಾರ ಬಾಯಾಗ ಕುಂದರ್ತದ. 9ರತನಕ ಆಕಾಶ, ಭೂಮಿ, ಸೂರ್ಯ ಚಂದ್ರ. 10ರಿಂದ 22ರತನಕ ಐಗುಪ್ತದಿಂದ ಹೊರಟು ನೆಲಾ ಸಿಗೂತನಕದ ಕಥಿ. 23ಕ್ಕ ದೀನಾವಸ್ಥೆಯೊಳಗ ನಮ್ಮನ್ನ ನೆನಿಸಿದ ಅಂತ ಬರ್ತದ. ಅಲ್ಲಿ ನಿಲ್ಲಸ್ರಿ. ಹಿರ್ಯಾರು ಒಬ್ಬೊಬ್ಬರಾಗಿ ತಮ್ಮ ಆ ವಾರದ್ದು ಒಂದೊಂದು ಮಾತು ಸೇರಸಲಿ, ಕಂತು ಕಟ್ಟಿದ್ದು, ಮೊಣಕಾಲು ನೋವು, ಮೊಮ್ಮಗನ ಜ್ವರ, ಏನಿದ್ರೂ. ಅದಕ್ಕೂ ಎಲ್ಲಾರೂ ಅದೇ ಮಾತು ಹೇಳಲಿ. ಅವಸರ ಮಾಡಬ್ಯಾಡ್ರಿ, ಒಬ್ಬರಿಗೆ ಮಾತು ಬರಲಿಲ್ಲಂದ್ರ ಬರೇ ಹೆಸರು ಹೇಳಿದ್ರೂ ಆತು. ಎಲ್ಲಾರದೂ ಆದ ಮ್ಯಾಲೆ 24, 25, 26 ಓದಿ ಮುಗಸ್ರಿ.